ಮರೆಮಾಚಿದ್ದನ್ನು ಎಣಿಸುವ ಬಗೆ

ಖಾನೇಷುಮಾರಿಯವರು ಊರಿಗೆ ಬಂದು ಮನೆಗಳೆಷ್ಟು, ಜನರೆಷ್ಟು ಎಂದು ಕೇಳಿದರೆ ನಾವೆಲ್ಲರೂ ಉತ್ತರ ಕೊಡುತ್ತೇವೆ. ಆದರೆ ಈ ಮನೆಯಲ್ಲಿ ಗಾಂಜಾ ಸೇದುವವರು ಯಾರು, ಅಫೀಮು ತಿನ್ನುವವರು ಯಾರು ಎಂದು ಕೇಳಿದರೋ? ಹೆಂಡತಿಯು ಗಂಡನ ಮುಖವನ್ನು ನೋಡುವಳು, ಮಗನು ನೆಲವನ್ನು ನೋಡುವನು. ಬಳಿಕ, ನಮ್ಮಲ್ಲಿ ಅಂಥವರಿಲ್ಲ ಎಂಬ ಮಾತೇ ಹೊರಡುವದು. ಮಾನಕ್ಕೂ ಪೊಲೀಸರಿಗೂ ಅಂಜಿ ಹೀಗೆ ಹೇಳುವದು ಎಲ್ಲಾ ದೇಶಗಳಲ್ಲಿಯೂ ಉಂಟು. ಹೀಗಿದ್ದಾಗ್ಯೂ ವಿಯೆನ್ನಾ ಪಟ್ಟಣದಲ್ಲಿರುವ ಸಂಯುಕ್ತ ರಾಷ್ಟ್ರಗಳ ಕಚೇರಿಯೊಂದು ಲೋಕದ ಮಾದಕ ದ್ರವ್ಯಗಳ ಲೆಕ್ಕವನ್ನು ವರುಷ ವರುಷವೂ ಪ್ರಕಟಿಸುತ್ತದೆ. ಅದರ 2025ರ ವರದಿಯ ಪ್ರಕಾರ, ಮದ್ಯವನ್ನೂ ಹೊಗೆಸೊಪ್ಪನ್ನೂ ಬಿಟ್ಟು ಬೇರೆ ಮಾದಕ ದ್ರವ್ಯಗಳನ್ನು 2023ರಲ್ಲಿ ಸೇವಿಸಿದವರು ಸುಮಾರು 31 ಕೋಟಿ 60 ಲಕ್ಷ ಜನರು. ಅಂದರೆ 15ರಿಂದ 64 ವರುಷದವರಲ್ಲಿ ನೂರಕ್ಕೆ ಆರು ಮಂದಿ. ಮರೆಮಾಚುವದನ್ನು ಇವರು ಎಣಿಸುವದು ಹೇಗೆ?

ವಾಚಕರೇ, ಕೆರೆಯಲ್ಲಿರುವ ಮೀನುಗಳನ್ನು ಎಣಿಸಬೇಕೆಂದಿಟ್ಟುಕೊಳ್ಳಿರಿ. ನೀರನ್ನು ಬತ್ತಿಸಲಾಗದು. ಆದಕಾರಣ ಬಲೆ ಬೀಸಿ ನೂರು ಮೀನುಗಳನ್ನು ಹಿಡಿದು, ಗುರುತು ಮಾಡಿ, ತಿರಿಗಿ ಕೆರೆಗೆ ಬಿಡಬೇಕು. ಕೆಲವು ದಿವಸಗಳಾದ ಮೇಲೆ ಮತ್ತೆ ಬಲೆ ಬೀಸಿದಾಗ ಐವತ್ತು ಮೀನುಗಳು ಬಂದು, ಅವುಗಳಲ್ಲಿ ಐದಕ್ಕೆ ಮಾತ್ರ ಗುರುತಿದ್ದರೆ, ಹತ್ತರಲ್ಲಿ ಒಂದಕ್ಕೆ ಗುರುತುಂಟೆಂದಾಯಿತು. ಗುರುತು ಮಾಡಿದ್ದು ನೂರು. ಹಾಗಾದರೆ ಕೆರೆಯಲ್ಲಿರುವದು ಸುಮಾರು ಸಾವಿರ. ಯುರೋಪಿನ ಕೆಲವು ದೇಶಗಳಲ್ಲಿ ಹೆರಾಯಿನ್ ಚಟದವರನ್ನು ಇದೇ ರೀತಿಯಲ್ಲಿ ಎಣಿಸಿದ್ದಾರೆ. ಅಲ್ಲಿ ಆಸ್ಪತ್ರೆಯ ಪಟ್ಟಿಯು ಒಂದು ಬಲೆ, ಪೊಲೀಸರ ಪಟ್ಟಿಯು ಇನ್ನೊಂದು ಬಲೆ. ಎರಡರಲ್ಲಿಯೂ ಇರುವವನೇ ಗುರುತುಳ್ಳ ಮೀನು. ಆದರೆ ಮನುಷ್ಯರು ಮೀನುಗಳಲ್ಲ. ಹಣವುಳ್ಳವನು ಈ ಎರಡು ಬಲೆಗಳಿಗೂ ಸಿಕ್ಕದೆ ಹೋಗುವದುಂಟು.

ಇದಕ್ಕಿಂತಲೂ ವಿಚಿತ್ರವಾದದ್ದು ಇಟಲಿ ದೇಶದವರು ನಡಿಸಿ ನೋಡಿದ ಉಪಾಯ. ಅಲ್ಲಿಯ ಪೋ ಎಂಬ ದೊಡ್ಡ ನದಿಯ ಬಯಲಿನ ಒಂದು ಭಾಗದಲ್ಲಿ ಸುಮಾರು 50 ಲಕ್ಷ ಜನರು ವಾಸಿಸುತ್ತಾರೆ. ಅವರ ಊರುಗಳ ಚರಂಡಿಯ ನೀರು ಕೊನೆಗೆ ಆ ನದಿಯನ್ನೇ ಸೇರುತ್ತದೆ. ಕೊಕೇನ್ ಸೇವಿಸಿದವನ ದೇಹದಲ್ಲಿ ಅದು ಬೇರೊಂದು ಪದಾರ್ಥವಾಗಿ ಮಾರ್ಪಟ್ಟು ಮೂತ್ರದೊಡನೆ ಹೊರಬೀಳುವದು. ಇದನ್ನರಿತು ಮಿಲಾನ್ ನಗರದ ಮಾರಿಯೋ ನೆಗ್ರಿ ಸಂಸ್ಥೆಯ ಎತ್ತೋರೆ ಜುಕ್ಕಾತೋ ಮತ್ತು ಅವರ ಸಂಗಡಿಗರು ನದಿಯ ನೀರನ್ನು ತೆಗೆದು ಪರೀಕ್ಷಿಸಿ, ಫಲವನ್ನು 2005ರಲ್ಲಿ ಪ್ರಕಟಿಸಿದರು. ಸರಕಾರದವರು ಜನರನ್ನು ಕೇಳಿ ಪಡೆದ ಉತ್ತರಗಳಂತೆ ಆ ಬಯಲಿನ ಯುವಕರು ಕೊಕೇನ್ ಸೇವಿಸುವದು ತಿಂಗಳಿಗೆ ಸುಮಾರು 15,000 ಸಾರಿ ಎಂದು ಲೆಕ್ಕವಾಗಿತ್ತು. ನೀರು ಹೇಳಿದ್ದೇನಂದರೆ, ದಿನಕ್ಕೆ ಸುಮಾರು 40,000 ಸಾರಿ! ಬಾಯಿ ಮುಚ್ಚಿಟ್ಟದ್ದನ್ನು ಚರಂಡಿಯು ಬೈಲುಮಾಡಿತು. 2011ರಿಂದ ಯುರೋಪಿನ ಅನೇಕ ಪಟ್ಟಣಗಳಲ್ಲಿ ಇಂಥ ಪರೀಕ್ಷೆ ನಡೆಯುತ್ತಾ ಬಂದಿದೆ. ಆದರೂ ಹತ್ತು ಮಂದಿ ಒಂದೊಂದು ಸಾರಿ ಸೇವಿಸಿದರೋ, ಒಬ್ಬನೇ ಹತ್ತು ಸಾರಿ ಸೇವಿಸಿದನೋ ಎಂಬದನ್ನು ನೀರು ಹೇಳಲಾರದು.

ನಮ್ಮ ದೇಶದಲ್ಲಿ ಸಾಮಾಜಿಕ ನ್ಯಾಯದ ಸಚಿವಾಲಯದ ಅಪ್ಪಣೆಯಿಂದ ದಿಲ್ಲಿಯ ಏಮ್ಸ್ ವೈದ್ಯಸಂಸ್ಥೆಯವರು ಒಂದು ದೊಡ್ಡ ಎಣಿಕೆಯನ್ನು ನಡಿಸಿ, 2019ರಲ್ಲಿ ವರದಿಯನ್ನು ಹೊರಡಿಸಿದರು. ಅವರು 186 ಜಿಲ್ಲೆಗಳ 2,00,111 ಮನೆಗಳಿಗೆ ಹೋಗಿ 4,73,569 ಮಂದಿಯೊಡನೆ ಮಾತಾಡಿದರು. ಮನೆಯಲ್ಲಿ ಸತ್ಯವು ಹೊರಡದೆಂದು ತಿಳಿದು, ಚಟಕ್ಕೆ ಸಿಕ್ಕಿದವರನ್ನು ಪ್ರತ್ಯೇಕವಾಗಿಯೂ ವಿಚಾರಿಸಿದರು. ಒಬ್ಬನು ತನ್ನ ಪರಿಚಯದವರನ್ನು ಕರೆತರುವನು, ಅವರು ಇನ್ನೂ ಕೆಲವರನ್ನು ಕರೆತರುವರು. ಹೀಗೆ 70,293 ಮಂದಿಯ ಮಾತು ದೊರಕಿತು. ಕುಡಿಯುವವರು ಸುಮಾರು 16 ಕೋಟಿ ಎಂಬದಾಗಿ ಆ ವರದಿಯು ಹೇಳುತ್ತದೆ. ಅವರಲ್ಲಿ ಸುಮಾರು 2 ಕೋಟಿ 90 ಲಕ್ಷ ಮಂದಿ ಕುಡಿಯದೆ ಇರಲಾರದ ಸ್ಥಿತಿಗೆ ಬಂದವರು. ಇಂಥವರಲ್ಲಿ ಯಾವದಾದರೂ ಚಿಕಿತ್ಸೆ ಹೊಂದಿದವನು 38 ಮಂದಿಗೆ ಒಬ್ಬನು ಮಾತ್ರ. ನಮ್ಮ ಅಭಿಪ್ರಾಯದಲ್ಲಿ ಕೋಟಿಗಳ ಲೆಕ್ಕಕ್ಕಿಂತ ಈ ಚಿಕ್ಕ ಲೆಕ್ಕವೇ ಹೆಚ್ಚು ಗಮನಿಸತಕ್ಕದ್ದು. ಉಳಿದ 37 ಮಂದಿ ಎಲ್ಲಿ ಇದ್ದಾರೆ? ನಮ್ಮ ಬೀದಿಗಳಲ್ಲಿಯೇ ಇದ್ದಾರಲ್ಲವೇ?

ಅಂಕಿಗಳನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಚಿಕಿತ್ಸೆಗೆ ಬರುವವರು ಹೆಚ್ಚಿದರೆಂದ ಮಾತ್ರಕ್ಕೆ ಚಟವು ಹೆಚ್ಚಿತೆಂದು ಹೇಳಕೂಡದು. ಯಾಕಂದರೆ ಹೊಸ ಆಸ್ಪತ್ರೆಯು ತೆರೆದಿರಬಹುದು, ಅಥವಾ ಜನರ ನಾಚಿಕೆ ಕಡಿಮೆಯಾಗಿರಬಹುದು.

2020ನೇ ಇಸವಿಯ ಆಗಸ್ಟ್ 15ರಂದು ಸರಕಾರದವರು ಚಟದ ಬಾಧೆ ಹೆಚ್ಚಾಗಿರುವ 272 ಜಿಲ್ಲೆಗಳಲ್ಲಿ ನಶಾ ಮುಕ್ತ ಭಾರತ ಎಂಬ ಕಾರ್ಯವನ್ನು ಪ್ರಾರಂಭಿಸಿದರು. ಜಿಲ್ಲೆಗಳನ್ನು ಆರಿಸುವಾಗ ಮೇಲೆ ಹೇಳಿದ ಎಣಿಕೆಯು ಉಪಯೋಗಕ್ಕೆ ಬಂತು. ಚಟದಿಂದ ಬಿಡುಗಡೆ ಬಯಸುವವನಾಗಲಿ ಅವನ ಮನೆಯವರಾಗಲಿ 14446 ಎಂಬ ದೂರವಾಣಿ ಸಂಖ್ಯೆಗೆ ಹಣವಿಲ್ಲದೆ ಕರೆಮಾಡಿ ಆಲೋಚನೆ ಕೇಳಬಹುದು.