ಪಿಂಗ್ ಎಲ್ಲಿ ಹೋಯಿತು?

ಪ್ರಶ್ನೆ: ಸೇಡಂನಾಗ ಕಂಪ್ಯೂಟರ್ ರಿಪೇರಿ ಅಂಗಡಿ ಅದರಿ. ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗೂ ಹೋಗಿ ಬರ್ತೀನಿ. ಚಿತ್ತಾಪುರದ ಕಾಲೇಜು ಹುಡುಗನ ಲ್ಯಾಪ್‌ಟಾಪ್‌ನಾಗ ಪಿಂಗ್, ಐಪಿಕಾನ್ಫಿಗ್ ಏನ್ ಹೊಡದ್ರೂ ‘ನಾಟ್ ರೆಕಗ್ನೈಸ್ಡ್’ ಅಂತದ. ವಾಡಿ ಆನ್‌ಲೈನ್ ಸೆಂಟರ್‌ನಾಗ ಪಿಂಗ್ ಅಂದ್ರ ಒಂದೇ ಸಾಲು ಪರದಿ ತುಂಬ ಓಡ್ತದ. ಶಹಾಬಾದದಾಗ ‘ಜನರಲ್ ಫೇಲ್ಯೂರ್’. ಚಿಂಚೋಳಿದಾಗ ಟೆಲ್ನೆಟ್ಟೇ ಇಲ್ಲ. ಎಲ್ಲಾದ್ಕೂ ಫಾರ್ಮ್ಯಾಟ್ ಹೊಡಿಯೋದೊಂದೇ ದಾರಿ ಏನ್ರಿ?

ಉತ್ತರ: ಫಾರ್ಮ್ಯಾಟ್ ಬೇಡ. ನೀವು ಬರೆದಿರುವುದು ಒಂದು ರೋಗವಲ್ಲ, ನಾಲ್ಕು. ನಾಲ್ಕರಲ್ಲಿ ಮೂರಕ್ಕೆ ನೆಟ್‌ವರ್ಕಿನ ಜೊತೆ ಸಂಬಂಧವೇ ಇಲ್ಲ. ಸಿಮೆಂಟಿನ ಊರುಗಳಲ್ಲಿ ಕಂಪ್ಯೂಟರ್ ಏನೇ ತಕರಾರು ತೆಗೆದರೂ ಗಿರಾಕಿಗಳು ಮೊದಲು ದೂರುವುದು ಧೂಳನ್ನು, ಆಮೇಲೆ ಇಂಟರ್ನೆಟ್ ಕೊಟ್ಟವನನ್ನು. ಇಲ್ಲಿ ಇಬ್ಬರೂ ನಿರಪರಾಧಿಗಳು.

ಚಿತ್ತಾಪುರದ ಹುಡುಗನಿಂದ ಶುರು ಮಾಡೋಣ, ಹೆಚ್ಚಾಗಿ ಎದುರಾಗುವುದು ಅದೇ. ಅವನ ಕಪ್ಪು ಪರದೆಯಲ್ಲಿ ‘ಡಿಐಆರ್’ ಎಂದು ಹೊಡೆಯಿರಿ. ಫೈಲುಗಳ ಪಟ್ಟಿ ಬಂದೇ ಬರುತ್ತದೆ. ಡಿಐಆರ್, ಸಿಡಿ, ಎಕೊ ಇವೆಲ್ಲ ಕಮಾಂಡ್ ಪ್ರಾಂಪ್ಟಿನ ಹೊಟ್ಟೆಯೊಳಗೇ ಇರುವ ಕಮಾಂಡುಗಳು. ಪಿಂಗ್, ಐಪಿಕಾನ್ಫಿಗ್, ಟ್ರೇಸರ್ಟ್, ಎನ್‌ಎಸ್‌ಲುಕಪ್, ನೆಟ್‌ಎಸ್‌ಎಚ್ ಹಾಗಲ್ಲ. ಪ್ರತಿಯೊಂದೂ ಬೇರೆಯೇ ಒಂದು ಇಎಕ್ಸ್‌ಇ ಫೈಲು. ಎಲ್ಲವೂ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿರುವ ಸಿಸ್ಟಮ್32ರಲ್ಲಿ ಇರುತ್ತವೆ. ನೀವು ಬರೀ ‘ಪಿಂಗ್’ ಎಂದಾಗ ವಿಂಡೋಸ್ ಮೊದಲು ನೀವಿರುವ ಫೋಲ್ಡರಿನಲ್ಲಿ ನೋಡುತ್ತದೆ. ಅಲ್ಲಿಲ್ಲದಿದ್ದರೆ ‘ಪಾಥ್’ ಎಂಬ ಪಟ್ಟಿಯಲ್ಲಿರುವ ಫೋಲ್ಡರುಗಳನ್ನು ಒಂದೊಂದಾಗಿ ತಡಕುತ್ತದೆ. ಆ ಪಟ್ಟಿಯಿಂದ ಸಿಸ್ಟಮ್32 ಬಿಟ್ಟುಹೋದರೆ ಕಥೆ ಮುಗಿಯಿತು. ವಾಡಿ ಜಂಕ್ಷನ್ನಿನಲ್ಲಿ ಸಿಕಂದರಾಬಾದ್ ಕಡೆಯ ಗಾಡಿ ಹತ್ತಿ ಶಹಾಬಾದಿಗೆ ಕಾದು ಕೂತವನ ಪಾಡು ಆಗ ವಿಂಡೋಸಿನದು: ಚಿತ್ತಾಪುರ ಬರುತ್ತದೆ, ಸೇಡಂ ಬರುತ್ತದೆ, ತಾಂಡೂರೂ ಬರುತ್ತದೆ, ಶಹಾಬಾದ್ ಮಾತ್ರ ಬರುವುದಿಲ್ಲ. ಊರು ಇದ್ದಲ್ಲೇ ಇದೆ, ಗಾಡಿಯ ದಾರಿಯಲ್ಲಿಲ್ಲ ಅಷ್ಟೆ.

ಇದನ್ನು ಖಾತ್ರಿ ಮಾಡಿಕೊಳ್ಳುವುದು ಸುಲಭ. ಸಿ ಡ್ರೈವಿನಿಂದ ಹಿಡಿದು ಪಿಂಗ್ ಡಾಟ್ ಇಎಕ್ಸ್‌ಇವರೆಗೆ ಪೂರ್ತಿ ವಿಳಾಸ ಹೊಡೆಯಿರಿ. ಓಡಿತೋ, ಕೆಟ್ಟಿರುವುದು ಪಾಥ್ ಮಾತ್ರ. ಹುಡುಗನನ್ನು ಕೇಳಿ ನೋಡಿ, ಇತ್ತೀಚೆಗೆ ಜಾವಾನೋ ಪೈಥಾನೋ ಹಾಕಿರುತ್ತಾನೆ. ಯಾವುದೋ ವಿಡಿಯೊ ನೋಡಿ ಪಾಥ್ ತೆರೆದು, ಇದ್ದದ್ದನ್ನೆಲ್ಲ ಅಳಿಸಿ ಜಾವಾ ಫೋಲ್ಡರಿನ ವಿಳಾಸ ಅಂಟಿಸಿರುತ್ತಾನೆ. ಅವನನ್ನು ಬೈದು ಫಲವಿಲ್ಲ. ವಿಂಡೋಸ್ 7ರಲ್ಲಿ ಇಡೀ ಪಟ್ಟಿ ಒಂದೇ ಉದ್ದ ಸಾಲು. ಎಡಿಟ್ ಒತ್ತಿದರೆ ಅಷ್ಟೂ ಸಾಲು ಆಯ್ಕೆಯಾಗಿಯೇ ತೆರೆದುಕೊಳ್ಳುತ್ತಿತ್ತು. ಒಂದು ಅಕ್ಷರ ತಾಗಿದರೆ ಎಲ್ಲ ಮಾಯ. ಅಂಥ ವಿನ್ಯಾಸ ಯಾರ ತಲೆಗೆ ಹೊಳೆಯಿತೋ! ವಿಂಡೋಸ್ 10ರಲ್ಲಿ ಸಾಲಿಗೊಂದು ಫೋಲ್ಡರ್ ಬಂದ ಮೇಲೆ ಈ ಅನಾಹುತ ಕಡಿಮೆಯಾಯಿತು, ನಿಂತಿಲ್ಲ. ‘ಸೆಟ್‌ಎಕ್ಸ್’ ಕಮಾಂಡಿನಿಂದ ಪಾಥ್ ಬದಲಿಸುವವರಿಗೆ ಇನ್ನೊಂದು ಗುಂಡಿ ಕಾದಿದೆ: ಅದು 1024 ಅಕ್ಷರಕ್ಕೆ ಪಟ್ಟಿಯನ್ನು ಕತ್ತರಿಸಿಬಿಡುತ್ತದೆ.

ರಿಪೇರಿ ಹೀಗೆ. ಸ್ಟಾರ್ಟ್ ಮೆನುವಿನಲ್ಲಿ ‘ಎನ್ವಿರಾನ್‌ಮೆಂಟ್’ ಎಂದು ಹುಡುಕಿದರೆ ಸಿಸ್ಟಮ್ ಪ್ರಾಪರ್ಟೀಸ್ ತೆರೆಯುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಒತ್ತಿ, ಕೆಳಗಿನ ಪೆಟ್ಟಿಗೆಯಲ್ಲಿ ಪಾಥ್ ಆರಿಸಿ. ಮೇಲಿನ ಪೆಟ್ಟಿಗೆ ಒಬ್ಬ ಬಳಕೆದಾರನದು, ಅದನ್ನು ಮುಟ್ಟಬೇಡಿ. ಈಗಿರುವ ಪಟ್ಟಿಯನ್ನು ಮೊದಲು ನೋಟ್‌ಪ್ಯಾಡಿಗೆ ನಕಲು ಮಾಡಿಕೊಳ್ಳಿ. ಆಮೇಲೆ %ಸಿಸ್ಟಮ್‌ರೂಟ್%\ಸಿಸ್ಟಮ್32 ಎಂಬ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ, ಬರೀ %ಸಿಸ್ಟಮ್‌ರೂಟ್% ಎಂಬುದನ್ನೂ ಇನ್ನೊಂದು ಸಾಲಾಗಿ ಸೇರಿಸಿ. ಜಾವಾದ ಸಾಲು ಇರಲಿ ಬಿಡಿ. ತೆರೆದಿರುವ ಕಪ್ಪು ಕಿಟಕಿಗೆ ಈ ಬದಲಾವಣೆ ಗೊತ್ತಾಗುವುದಿಲ್ಲ, ಮುಚ್ಚಿ ಹೊಸದಾಗಿ ತೆರೆಯಬೇಕು. ಎಷ್ಟೋ ಜನ ಎಲ್ಲ ಸರಿಯಾಗಿ ಮಾಡಿ, ಹಳೆಯ ಕಿಟಕಿಯಲ್ಲೇ ಪರೀಕ್ಷಿಸಿ, ಕೊನೆಗೆ ಫಾರ್ಮ್ಯಾಟಿಗೆ ಹೋಗುವುದು ಇಲ್ಲೇ.

‘ಪಿಂಗ್’ ಎಂದರೆ ಓಡದೆ ‘ಪಿಂಗ್ ಡಾಟ್ ಇಎಕ್ಸ್‌ಇ’ ಎಂದರೆ ಮಾತ್ರ ಓಡಿದರೆ, ಅದೇ ಪೆಟ್ಟಿಗೆಯಲ್ಲಿ ‘ಪಾಥ್‌ಎಕ್ಸ್‌ಟ್’ ನೋಡಿ. ಅಲ್ಲಿ ಡಾಟ್ ಇಎಕ್ಸ್‌ಇ ಅಳಿಸಿಹೋಗಿರುತ್ತದೆ. ಪೂರ್ತಿ ವಿಳಾಸ ಕೊಟ್ಟರೂ ಓಡದಿದ್ದರೆ ಫೈಲೇ ಕಾಣೆಯಾಗಿದೆ. ಆಗ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಿಟಕಿಯಲ್ಲಿ ಸಿಸ್ಟಮ್32ಕ್ಕೆ ಹೋಗಿ ‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ ಓಡಿಸಿ, ವಿಂಡೋಸ್ ತನ್ನ ಫೈಲನ್ನು ತಾನೇ ಹಿಂದಕ್ಕೆ ತರುತ್ತದೆ. ಪಿಂಗ್ ಫೈಲನ್ನು ಯಾವುದೋ ಜಾಲತಾಣದಿಂದ ಇಳಿಸಿಕೊಳ್ಳುವ ಕೆಲಸ ಬೇಡವೇ ಬೇಡ.

ವಾಡಿಯದು ನನಗೆ ಬಹಳ ಇಷ್ಟವಾದ ಕೇಸು. ಲೈನ್ ಇದೆಯೋ ಇಲ್ಲವೋ ಎಂದು ಎರಡು ಕ್ಲಿಕ್ಕಿನಲ್ಲಿ ನೋಡಲು ಸೆಂಟರಿನವರು ಡೆಸ್ಕ್‌ಟಾಪಿನಲ್ಲಿ ಒಂದು ಬ್ಯಾಚ್ ಫೈಲು ಮಾಡಿಕೊಂಡು, ಅದಕ್ಕೆ ‘ಪಿಂಗ್’ ಎಂದೇ ಹೆಸರಿಟ್ಟಿರಬೇಕು. ವಿಂಡೋಸ್ ಮೊದಲು ಇರುವ ಫೋಲ್ಡರಿನಲ್ಲೇ ಹುಡುಕುತ್ತದೆ ಎಂದೆನಲ್ಲ. ಫೈಲಿನೊಳಗಿನ ಪಿಂಗ್ ಎಂಬ ಮಾತು ಸಿಸ್ಟಮ್32ಕ್ಕೆ ಹೋಗದೆ ಅದೇ ಬ್ಯಾಚ್ ಫೈಲನ್ನು ಕರೆಯುತ್ತದೆ, ಅದು ಮತ್ತೆ ತನ್ನನ್ನೇ ಕರೆಯುತ್ತದೆ. ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ, ಫೈಲಿನ ಹೆಸರು ‘ಲೈನ್‌ಚೆಕ್’ ಎಂದು ಬದಲಿಸಿ. ಬೇರೆ ರಿಪೇರಿ ಇಲ್ಲ.

ನೆಟ್‌ವರ್ಕಿನ ತೊಂದರೆ ಇರುವುದು ಶಹಾಬಾದಿನಲ್ಲಿ ಮಾತ್ರ. ‘ಜನರಲ್ ಫೇಲ್ಯೂರ್’ ಎಂದರೆ ಕಳಿಸಿದ ಪ್ಯಾಕೆಟ್ಟು ಕಂಪ್ಯೂಟರಿನ ಹೊಸ್ತಿಲನ್ನೇ ದಾಟಿಲ್ಲ. ಅಡಾಪ್ಟರ್ ಆಫ್ ಆಗಿದೆಯೇ, ತೆಗೆದುಹಾಕಿದ ವಿಪಿಎನ್ ಅಥವಾ ಆಂಟಿವೈರಸ್ ಬಾಲ ಉಳಿಸಿಹೋಗಿದೆಯೇ ನೋಡಿ. ಅಡ್ಮಿನಿಸ್ಟ್ರೇಟರ್ ಕಿಟಕಿಯಲ್ಲಿ ‘ನೆಟ್‌ಎಸ್‌ಎಚ್ ವಿನ್‌ಸಾಕ್ ರೀಸೆಟ್’ ಕೊಟ್ಟು ರೀಸ್ಟಾರ್ಟ್ ಮಾಡಿ. ಅದಕ್ಕೂ ಬಗ್ಗದಿದ್ದರೆ ‘ನೆಟ್‌ಎಸ್‌ಎಚ್ ಇಂಟ್ ಐಪಿ ರೀಸೆಟ್’. ಆದರೆ ಇದು ಕೈಯಾರೆ ಕೊಟ್ಟ ಐಪಿ ವಿಳಾಸವನ್ನೂ ಅಳಿಸುತ್ತದೆ. ಕಚೇರಿಯ ಕಂಪ್ಯೂಟರ್ ಆದರೆ ‘ಐಪಿಕಾನ್ಫಿಗ್ ಆಲ್’ ಹೊಡೆದು ಮೊದಲು ಬರೆದಿಟ್ಟುಕೊಳ್ಳಿ. ವಿಳಾಸ 169.254ರಿಂದ ಶುರುವಾಗಿದ್ದರೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ, ಕೇಬಲ್ ನೋಡಿ. ಪಿಂಗಿಗೆ 8.8.8.8 ಉತ್ತರ ಕೊಟ್ಟು, ಜಾಲತಾಣದ ಹೆಸರು ಹೊಡೆದರೆ ‘ಹೋಸ್ಟ್ ಸಿಗಲಿಲ್ಲ’ ಎಂದರೆ ಡಿಎನ್‌ಎಸ್ ಕೆಟ್ಟಿದೆ. ಬರೀ ‘ಟೈಮ್ಡ್ ಔಟ್’ ಬಂದರೆ ಗಾಬರಿ ಬೇಡ, ಪಿಂಗಿಗೆ ಉತ್ತರ ಕೊಡಬಾರದೆಂದೇ ಕಟ್ಟಿಹಾಕಿದ ಸರ್ವರ್‌ಗಳು ಬೇಕಾದಷ್ಟಿವೆ.

ಚಿಂಚೋಳಿಯ ಟೆಲ್ನೆಟ್ ಕಳೆದುಹೋಗಿಲ್ಲ, ಬಂದೇ ಇಲ್ಲ. ವಿಸ್ತಾ ಕಾಲದಿಂದ ಮೈಕ್ರೋಸಾಫ್ಟ್ ಅದನ್ನು ತಾನಾಗಿ ಹಾಕಿಕೊಡುವುದಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ‘ವಿಂಡೋಸ್ ಫೀಚರ್ಸ್’ ಪಟ್ಟಿಯಲ್ಲಿ ಟೆಲ್ನೆಟ್ ಕ್ಲೈಂಟ್ ಎದುರು ಗುರುತು ಹಾಕಿದರೆ ಬರುತ್ತದೆ. ಒಂದು ಪೋರ್ಟ್ ತೆರೆದಿದೆಯೋ ಇಲ್ಲವೋ ಎಂದು ನೋಡುವುದಷ್ಟೇ ಕೆಲಸವಾದರೆ ಅದೂ ಬೇಡ, ಪವರ್‌ಶೆಲ್ಲಿನ ‘ಟೆಸ್ಟ್-ನೆಟ್‌ಕನೆಕ್ಷನ್’ ಸಾಕು.