ಚಾವಣಿಯ ಹಸಿರು, ಕೊಡದ ಹಸಿರು

ಮಕ್ಕಳೇ, ದಾವಣಗೆರೆಯ ವಿನೋಬನಗರದಲ್ಲಿ ನಿಂತು ಮನೆಗಳ ಚಾವಣಿ ನೋಡಿ. ತಾರಸಿ ಕಾಣುತ್ತದೆ, ತಗಡು ಕಾಣುತ್ತದೆ. ತಾಮ್ರ ನೋಡಲು ಮಾತ್ರ ಅಡುಗೆಮನೆಯ ನೀರಿನ ಕೊಡವೇ ಗತಿ! ತಾಮ್ರ ದುಬಾರಿ ಲೋಹ. ಆದರೆ ಜಡಿಮಳೆಯ ಊರಾದ ಕಾಸರಗೋಡಿನ ಬಳಿ ಮಧೂರು ದೇವಾಲಯವಿದೆ. ಅದರ ಮೂರು ಹಂತದ ಚಾವಣಿಯಲ್ಲಿ ಮೇಲಿನ ಎರಡಕ್ಕೆ ತಾಮ್ರದ ತಗಡು, ಕೆಳಗಿನದಕ್ಕೆ ಹೆಂಚು.

ಮಳೆಗೆ ತಾಮ್ರವೇ ಏಕೆ? ಕಬ್ಬಿಣದ ತುಕ್ಕು ಪದರ ಪದರವಾಗಿ ಉದುರುತ್ತದೆ. ಒಳಗಿನ ಕಬ್ಬಿಣಕ್ಕೆ ಮತ್ತೆ ಗಾಳಿ, ನೀರು ತಾಗುತ್ತವೆ. ಕೊನೆಗೆ ತೂತು ಬೀಳುತ್ತದೆ. ತಾಮ್ರ ಹಾಗಲ್ಲ. ಅದು ಮೊದಲು ಆಮ್ಲಜನಕದೊಡನೆ ಸೇರಿ ಕಂದುತ್ತದೆ. ವರ್ಷಗಳು ಉರುಳಿದಂತೆ ತೇವ, ಇಂಗಾಲದ ಡೈಆಕ್ಸೈಡ್ ಮತ್ತು ಗಂಧಕದ ಅನಿಲಗಳು ಸೇರಿ ಹಸಿರು ಪದರ ಕಟ್ಟುತ್ತದೆ. ಇದು ಉದುರದೆ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ 1886ರದು. ಅದರ ತಾಮ್ರದ ತಗಡಿನ ದಪ್ಪ ಸುಮಾರು 2.4 ಮಿ.ಮೀ. ಮಾತ್ರ. ಹಸಿರು ಅಂಗಿ ತೊಟ್ಟು ಇಂದಿಗೂ ನಿಂತಿದೆ.

ತಾಮ್ರದ ಚಾವಣಿಗೆ ಮಳೆನೀರಿನ ದೋಣಿಯೂ ತಾಮ್ರದ್ದೇ ಆಗಬೇಕು. ಸತು ಬಳಿದ ಕಬ್ಬಿಣದ ದೋಣಿ ಕಟ್ಟಿದರೆ, ನೀರಿನಲ್ಲಿ ಕರಗಿ ಬರುವ ಅಲ್ಪ ತಾಮ್ರವೇ ಸತುವನ್ನು ತಿಂದುಹಾಕುತ್ತದೆ.

ಹಾಗಾದರೆ ಕೊಡದೊಳಗಿನ ಹಸಿರನ್ನೂ ಬಿಟ್ಟುಬಿಡೋಣವೇ? ಖಂಡಿತ ಬೇಡ! ಆ ಕಿಲುಬು ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು ಬರುತ್ತದೆ. ಹುಣಸೆಹಣ್ಣಿನಿಂದ ಉಜ್ಜಿ ನೋಡಿ. ಹುಣಸೆಯ ಆಮ್ಲ ಕಿಲುಬನ್ನು ಕರಗಿಸುತ್ತದೆ. ಹುಳಿ ತಾಮ್ರವನ್ನೂ ಕರಗಿಸುವುದರಿಂದ ಮಜ್ಜಿಗೆ, ಸಾರನ್ನು ತಾಮ್ರದ ಪಾತ್ರೆಯಲ್ಲಿ ಇಡಬಾರದು. ಹಿಂದೆ ಕಲಾಯಿಯವರು ಓಣಿಗೆ ಬಂದು ಪಾತ್ರೆಗಳ ಒಳಗೆ ತವರ ಬಳಿಯುತ್ತಿದ್ದುದು ಇದಕ್ಕೇ.