ಡೀಸೆಲ್ ಫೋರ್‌ವೀಲ್ ಡ್ರೈವ್ ವಾಹನಗಳು: ಎಂಜಿನ್ ತಾಪದ ನಿಗಾ ಮತ್ತು ನಿವಾರಣೆ

ವಿಜಯಪುರದಿಂದ ಸಿಂದಗಿ ಮಾರ್ಗವಾಗಿ ಕಲಬುರಗಿಗೆ ಸಾಗುವ ಹೆದ್ದಾರಿಯ ಮೇಲಿರುವ ದೇವರ ಹಿಪ್ಪರಗಿ ಮತ್ತು ಅದರ ಸುತ್ತಲಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗಗಳು ತೊಗರಿ, ಜೋಳ, ಹತ್ತಿ, ಲಿಂಬೆ ಹಾಗೂ ಕಬ್ಬಿನ ವ್ಯವಹಾರಕ್ಕೆ ಹೆಸರಾದವು. ಇಲ್ಲಿಯ ಎರೆ ಭೂಮಿಯಲ್ಲಿ ಒಂದು ಮಳೆಯಾದರೆ ಸಾಕು, ಸಾಮಾನ್ಯ ವಾಹನ ಹೊಲದ ದಾರಿಗೆ ಇಳಿಯಲಾರದು. ಆದ್ದರಿಂದ ನಾಲ್ಕೂ ಗಾಲಿಗಳಿಗೆ ಶಕ್ತಿ ಒದಗಿಸುವ ಡೀಸೆಲ್ ಜೀಪು ಮತ್ತು ಪಿಕ್‌ಅಪ್‌ಗಳು ವ್ಯಾಪಾರಿಗಳಿಗೂ ಸಣ್ಣ ಉದ್ದಿಮೆದಾರರಿಗೂ ದುಡಿಯುವ ಬಂಡವಾಳವೇ ಆಗಿವೆ. ಖರೀದಿಯ ಹಂಗಾಮಿನಲ್ಲಿ ಇಂತಹ ವಾಹನದ ಎಂಜಿನ್ ಕಾದು ಕೆಟ್ಟರೆ ದುರಸ್ತಿಯ ಖರ್ಚಿಗಿಂತ ನಿಂತುಹೋದ ವ್ಯವಹಾರದ ನಷ್ಟವೇ ದೊಡ್ಡದಾಗಬಹುದು. ಈ ಕೇಡು ಬಹುಮಟ್ಟಿಗೆ ಮುನ್ಸೂಚನೆ ನೀಡಿಯೇ ಬರುತ್ತದೆ. ಆ ಸೂಚನೆಯನ್ನು ಓದುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ತಾಪ ಏರುವ ಬಗೆ

ಎಂಜಿನ್‌ನಲ್ಲಿ ಉರಿಯುವ ಡೀಸೆಲ್‌ನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗದಷ್ಟು ಮಾತ್ರ ಗಾಲಿಗಳನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಉಳಿದುದರಲ್ಲಿ ಹೆಚ್ಚಿನ ಪಾಲು ಹೊಗೆಯೊಡನೆ ಮತ್ತು ರೇಡಿಯೇಟರಿನ ಮೂಲಕ ಹೊರಹೋಗಬೇಕು. ಹೊಲದ ದಾರಿಯಲ್ಲಿ ಲೋ ಗೇರಿನಲ್ಲಿ ಸಾಗುವಾಗ ಎಂಜಿನ್ ಪೂರ್ಣ ದುಡಿಯುತ್ತಿದ್ದರೂ ವಾಹನದ ವೇಗ ಎತ್ತಿನ ಗಾಡಿಯಷ್ಟೇ ಇರುತ್ತದೆ. ಎದುರುಗಾಳಿಯ ಸಹಾಯ ದೊರೆಯದೆ ತಂಪು ಮಾಡುವ ಹೊಣೆಯೆಲ್ಲ ಫ್ಯಾನಿನ ಮೇಲೆ ಬೀಳುತ್ತದೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುವ ಈ ಭಾಗದಲ್ಲಿ ಆ ಹೊಣೆ ಇನ್ನೂ ಭಾರವಾಗುತ್ತದೆ. ಡಾಂಬರು ರಸ್ತೆಗೆ ಬಂದ ಮೇಲೂ ಫೋರ್‌ವೀಲ್ ಲಿವರನ್ನು ಬಿಡಿಸದೆ ಓಡಿಸುವ ರೂಢಿಯಿಂದ ಎಂಜಿನ್ ಮತ್ತು ಗೇರುಗಳ ಮೇಲೆ ಅನವಶ್ಯಕ ಹೊರೆ ಬೀಳುತ್ತದೆ.

ಸವಳು ನೀರಿನ ಸಮಸ್ಯೆ

ಡೋಣಿ ನದಿಯ ನೀರು ಉಪ್ಪೆಂಬುದು ಈ ಭಾಗದವರಿಗೆ ತಿಳಿದ ವಿಷಯ. ಅನೇಕ ಬೋರ್‌ವೆಲ್‌ಗಳ ನೀರೂ ಸವಳಾಗಿದೆ. ಇಂತಹ ನೀರನ್ನು ರೇಡಿಯೇಟರಿಗೆ ಸುರಿದಾಗ, ಕೊಡದ ಒಳಗೆ ಕಟ್ಟುವಂತಹ ಸುಣ್ಣದ ಪದರು ಎಂಜಿನ್‌ನ ನೀರಿನ ದಾರಿಗಳಲ್ಲಿಯೂ ಕಟ್ಟುತ್ತದೆ. ಈ ಪದರು ಲೋಹಕ್ಕಿಂತ ಹಲವು ಪಟ್ಟು ಕಡಿಮೆ ಶಾಖವನ್ನು ದಾಟಿಸುವುದರಿಂದ, ನೀರು ತಂಪಾಗಿರುವಂತೆ ಕಂಡರೂ ಒಳಗಿನ ಲೋಹ ಕಾಯುತ್ತಲೇ ಇರುತ್ತದೆ. ಉಪ್ಪಿನಿಂದ ತುಕ್ಕು ಹಿಡಿದು ವಾಟರ್ ಪಂಪ್ ಸವೆಯುವುದೂ ಉಂಟು.

ವಾಹನ ತಯಾರಕರು ಸೂಚಿಸಿದ ಕೂಲೆಂಟನ್ನೇ ಬಳಸುವುದು ಇದಕ್ಕೆ ಪರಿಹಾರ. ಗಾಢವಾದ ಕೂಲೆಂಟಿಗೆ ಬೆರೆಸಲು ಬ್ಯಾಟರಿಗೆ ಹಾಕುವ ಖನಿಜರಹಿತ ನೀರು ಯೋಗ್ಯ. ದಾರಿಯಲ್ಲಿ ಅನಿವಾರ್ಯವಾದಾಗ ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬೋರ್‌ವೆಲ್ ನೀರಿಗಿಂತ ಮೇಲು. ಆದರೆ ಅದು ತಾತ್ಕಾಲಿಕ ಉಪಾಯವೆಂಬುದನ್ನು ಮರೆಯಬಾರದು. ‘ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಏಕೆ?’ ಎಂಬ ಪ್ರಶ್ನೆ ಸಾಮಾನ್ಯ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಗ್ಲೈಕಾಲ್ ಮತ್ತು ನೀರಿನ ಸಮಪಾಲು ಮಿಶ್ರಣ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಸರಿಯಾದ ಒತ್ತಡದ ಮುಚ್ಚಳವಿದ್ದರೆ ಈ ಮಿತಿ ಇನ್ನೂ ಇಪ್ಪತ್ತು ಡಿಗ್ರಿಯಷ್ಟು ಮೇಲೇರುತ್ತದೆ. ರಬ್ಬರು ಸಡಿಲಾದ ಒಂದು ಸಣ್ಣ ಮುಚ್ಚಳದಿಂದ ಈ ರಕ್ಷಣೆಯೆಲ್ಲ ವ್ಯರ್ಥವಾಗುತ್ತದೆ. ಗ್ಲೈಕಾಲ್ ಸಿಹಿಯಾದರೂ ವಿಷ. ಚೆಲ್ಲಿದ ದ್ರವ ದನಕರುಗಳಿಗೂ ಮಕ್ಕಳಿಗೂ ಸಿಗದಂತೆ ಎಚ್ಚರ ವಹಿಸತಕ್ಕದ್ದು.

ಮುಳ್ಳನ್ನು ಎಷ್ಟು ನಂಬಬೇಕು?

ಡ್ಯಾಶ್‌ಬೋರ್ಡಿನ ತಾಪಮಾನದ ಮುಳ್ಳು ತೋರಿಸುವುದು ಎಂಜಿನ್‌ನ ತಾಪವನ್ನಲ್ಲ, ಸೆನ್ಸರಿಗೆ ತಗಲುವ ನೀರಿನ ತಾಪವನ್ನು. ಹೋಸ್ ಪೈಪು ಒಡೆದು ನೀರೆಲ್ಲ ಸೋರಿಹೋದರೆ ಸೆನ್ಸರ್ ಬರಿಯ ಆವಿಯಲ್ಲಿ ಉಳಿಯುತ್ತದೆ. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಬಿಸಿಲಿನಲ್ಲಿ ಭಾರ ಎಳೆಯುವಾಗ ಮುಳ್ಳು ಏಕಾಏಕಿ ಇಳಿದರೆ ಸಮಾಧಾನಪಡದೆ ಕೂಡಲೆ ವಾಹನ ನಿಲ್ಲಿಸಬೇಕು. ಅಲ್ಲದೆ ಅನೇಕ ಹೊಸ ವಾಹನಗಳಲ್ಲಿ, ತಾಪ ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಮುಳ್ಳು ನಡುವಿನಲ್ಲಿಯೇ ನಿಲ್ಲುವಂತೆ ಜೋಡಿಸಿರುತ್ತಾರೆ. ಅದು ಅಲುಗುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಇದಕ್ಕೆ ಎರಡು ಉಪಾಯಗಳಿವೆ. ಒಂದು, ಓ.ಬಿ.ಡಿ. ಸಾಕೆಟ್ ಇರುವ ವಾಹನಗಳಿಗೆ ಚಿಕ್ಕ ರೀಡರ್ ಜೋಡಿಸಿ ನೀರಿನ ತಾಪವನ್ನು ಅಂಕಿಗಳಲ್ಲಿಯೇ ನೋಡುವುದು. ಎರಡು, ಸಿಲಿಂಡರ್ ಹೆಡ್ಡಿನ ಲೋಹಕ್ಕೆ ಪ್ರತ್ಯೇಕ ಸೆನ್ಸರ್ ಬಿಗಿದು ಅಲಾರಂ ಕೂಡಿಸುವುದು. ಇದು ನೀರಿಲ್ಲದಾಗಲೂ ನಿಜ ಹೇಳುತ್ತದೆ. ಹಳೆಯ ಜೀಪುಗಳಿಗೂ ಒಗ್ಗುತ್ತದೆ. ವಾಹನ ಸುಸ್ಥಿತಿಯಲ್ಲಿರುವಾಗ ನಿತ್ಯದ ದಾರಿಯಲ್ಲಿ ಎಷ್ಟು ಡಿಗ್ರಿ ಇರುತ್ತದೆಂಬುದನ್ನು ಗುರುತು ಹಾಕಿಕೊಂಡರೆ ಮುಂದಿನ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಲಕ್ಷಣದಿಂದ ಕಾರಣ

1. ನಿಧಾನವಾಗಿ ಸಾಗುವಾಗ ಕಾಯ್ದು, ಹೆದ್ದಾರಿಯಲ್ಲಿ ತಣ್ಣಗಾದರೆ ಮೊದಲ ಸಂಶಯ ಫ್ಯಾನ್, ಫ್ಯಾನ್ ಕ್ಲಚ್ ಅಥವಾ ಬೆಲ್ಟಿನ ಮೇಲೆ.
2. ಹೆದ್ದಾರಿಯಲ್ಲಿ ಭಾರದೊಡನೆ ವೇಗವಾಗಿ ಓಡುವಾಗ ಕಾಯ್ದರೆ ರೇಡಿಯೇಟರ್ ಒಳಗೆ ಸುಣ್ಣದಿಂದ ಅಥವಾ ಹೊರಗೆ ಹೊಟ್ಟು, ಕೆಸರಿನಿಂದ ಕಟ್ಟಿರುವ ಸಂಭವವಿದೆ.
3. ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ಕಾಯ್ದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲವೆಂದು ಊಹಿಸಬಹುದು. ಅದನ್ನು ಕಿತ್ತೊಗೆಯುವುದು ಪರಿಹಾರವಲ್ಲ. ಎಂಜಿನ್ ಸದಾ ತಣ್ಣಗಿದ್ದರೂ ಸವೆತ ಹೆಚ್ಚು.
4. ಸೋರಿಕೆ ಕಾಣದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟನ್ನು ಪರೀಕ್ಷಿಸಬೇಕು. ರೇಡಿಯೇಟರಿನಲ್ಲಿ ಗುಳ್ಳೆ, ನಿಲ್ಲದ ಬಿಳಿ ಹೊಗೆ, ಹಾಲು ಬೆರೆತಂತಹ ಆಯಿಲ್ ಇದರ ಗುರುತುಗಳು. ಇ.ಜಿ.ಆರ್. ಕೂಲರ್ ಇರುವ ಎಂಜಿನ್‌ಗಳಲ್ಲಿ ಅದರ ಒಳಸೋರಿಕೆಯನ್ನೂ ನೋಡಬೇಕು.

ತೊಗರಿ ರಾಶಿಯ ಕಾಲದಲ್ಲಿ ಹೊಟ್ಟು ಮತ್ತು ಧೂಳು ಎ.ಸಿ. ಕಂಡೆನ್ಸರ್ ಹಾಗೂ ರೇಡಿಯೇಟರಿನ ನಡುವೆ ಸೇರಿಕೊಳ್ಳುತ್ತವೆ. ಎದುರಿನಿಂದ ನೋಡಿದರೆ ಕಾಣುವುದಿಲ್ಲ. ಎಂಜಿನ್ ಆರಿದ ಮೇಲೆ ಒಳಗಿನಿಂದ ಹೊರಮುಖವಾಗಿ ಮೆಲ್ಲನೆ ನೀರು ಹಾಯಿಸಿ ತೊಳೆಯಬೇಕು. ಸರ್ವಿಸ್ ಕೇಂದ್ರದ ಜೋರು ಧಾರೆಯನ್ನು ಹತ್ತಿರದಿಂದ ಬಿಟ್ಟರೆ ತೆಳುವಾದ ಫಿನ್‌ಗಳು ಮಡಚಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ.

ಕಾಯ್ದಾಗ ಮಾಡತಕ್ಕದ್ದು

ತಾಪ ಏರುವ ಸೂಚನೆ ದೊರೆತೊಡನೆ ಎ.ಸಿ. ಆರಿಸಿ, ಹೀಟರ್ ಇದ್ದರೆ ಪೂರ್ಣ ತೆರೆದು, ವಾಹನವನ್ನು ನೆರಳಿಗೆ ನಿಲ್ಲಿಸಬೇಕು. ಕೂಲೆಂಟ್ ಸೋರಿಲ್ಲವೆಂದು ಖಚಿತವಿದ್ದರೆ ಕೆಲವು ನಿಮಿಷ ಭಾರವಿಲ್ಲದೆ ಎಂಜಿನ್ ಓಡಿಸುವುದು ಹಿತ. ಫ್ಯಾನ್ ಮತ್ತು ಪಂಪು ಶಾಖವನ್ನು ಹೊರಹಾಕುತ್ತವೆ. ಆವಿ ಬರುತ್ತಿದ್ದರೆ, ನೀರು ಸೋರಿದ್ದರೆ ಅಥವಾ ಬೆಲ್ಟ್ ತುಂಡಾಗಿದ್ದರೆ ತಕ್ಷಣ ಆರಿಸಬೇಕು. ಬಿಸಿಯಾಗಿರುವಾಗ ಮುಚ್ಚಳ ತೆರೆದರೆ ಕುದಿಯುವ ದ್ರವ ಮುಖಕ್ಕೆ ಸಿಡಿಯುತ್ತದೆ. ಮೇಲಿನ ಹೋಸ್ ಪೈಪು ಕೈಗೆ ತಣ್ಣಗೆ ತಗಲುವವರೆಗೆ ಕಾಯಬೇಕು. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು. ಅಲ್ಯೂಮಿನಿಯಂ ಬೀಡು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕಬ್ಬಿಣದ ಬ್ಲಾಕಿನ ಮೇಲಿರುವ ಅಲ್ಯೂಮಿನಿಯಂ ಹೆಡ್ ಅತಿಯಾಗಿ ಕಾಯ್ದು ಬಾಗುವುದು ಇದೇ ಕಾರಣದಿಂದ. ‘ಇನ್ನು ಎರಡೇ ಕಿಲೋಮೀಟರು’ ಎಂಬ ಆಸೆಗೆ ಆಗುವ ದಂಡ ಇದೇ.

ವಾಹನದ ವಹಿ

ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟಿನ ಮಟ್ಟ, ಆಯಿಲ್, ಬೆಲ್ಟ್ ಮತ್ತು ವಾಹನದ ಕೆಳಗಿನ ನೆಲವನ್ನು ನೋಡಲು ಐದು ನಿಮಿಷ ಸಾಕು. ಕೂಲೆಂಟ್ ತುಂಬಿದ ದಿನ, ಅಳತೆ ಮತ್ತು ಓಡಿದ ಕಿಲೋಮೀಟರನ್ನು ಚಾಲಕನು ಒಂದು ವಹಿಯಲ್ಲಿ ಬರೆಯಬೇಕು. ಮಾಲಕನು ವಾರಕ್ಕೊಮ್ಮೆ ಅದನ್ನು ನೋಡಬೇಕು. ತಿಂಗಳಿಗೊಮ್ಮೆ ತುಂಬುತ್ತಿದ್ದುದು ವಾರಕ್ಕೊಮ್ಮೆಯಾದರೆ, ಮುಳ್ಳು ನಡುವಿನಲ್ಲಿಯೇ ಇದ್ದರೂ ಆ ವಾಹನ ಗ್ಯಾರೇಜಿಗೆ ಹೋಗಬೇಕೆಂದೇ ಅರ್ಥ. ನಿತ್ಯ ಕೀರ್ದಿ ಬರೆಯುವ ವ್ಯಾಪಾರಿಗೆ ಇದು ಹೊಸ ಪಾಠವಲ್ಲ. ಸಣ್ಣ ಸೋರಿಕೆಯನ್ನು ಲೆಕ್ಕದಲ್ಲಿ ಹಿಡಿದವನ ಅಸಲು ಉಳಿಯುತ್ತದೆ. ಎಂಜಿನ್‌ನ ವಿಷಯದಲ್ಲಿಯೂ ಅದೇ ನಿಯಮ.